ಮೈಗಳ್ಳರು ಯಾರು?

ಪುಣೆಗೆ ಬಂದ ನಮ್ಮ ಕಡೆಯವರು ಎರಡೇ ವರ್ಷದಲ್ಲಿ ಕಲಿತುಬಿಡುವ ಮಾತೊಂದಿದೆ: “ಈ ಮಾಥಾಡಿಗಳು ಮೈಗಳ್ಳರು, ಯೂನಿಯನ್ ಅವರನ್ನು ಕೆಡಿಸಿದೆ.” ಹಿಂಜವಡಿಯ ಕಂಪನಿಗಳಲ್ಲಿ ಕೂತವರೂ ಹೇಳುತ್ತಾರೆ, ಕಿರಾಣಿ ಅಂಗಡಿ ಇಟ್ಟವರೂ ಹೇಳುತ್ತಾರೆ. ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ, ಕಾಳುಕಡಿಯ ಅಡತಿ ಅಂಗಡಿಯೊಂದರಲ್ಲಿ ಹನ್ನೊಂದು ವರ್ಷದಿಂದ ಲೆಕ್ಕ ಬರೆಯುವ ನಾನು ಹೇಳುತ್ತೇನೆ, ಇದು ಸುಳ್ಳು. ಮನುಷ್ಯ ಹೇಗೆ ದುಡಿಯುತ್ತಾನೆ ಅನ್ನುವುದು ಅವನ ಕೂಲಿಯನ್ನು ಯಾರು, ಹೇಗೆ ಹಂಚುತ್ತಾರೆ ಅನ್ನುವುದರ ಮೇಲೆ ನಿಂತಿದೆ.

ನಮ್ಮಲ್ಲಿಗೆ ಲಾರಿ ಬಂದರೆ ನಾನು ಒಬ್ಬ ಹಮಾಲನನ್ನು ಕರೆಯುವಂತಿಲ್ಲ, ಟೋಳಿಯನ್ನೇ ಕರೆಯಬೇಕು. ಚೀಲಕ್ಕಿಷ್ಟು ಎಂದು ದರ ಮೊದಲೇ ಗೊತ್ತಾಗಿದೆ. ಹಮಾಲಿಯ ಜೊತೆಗೆ ಲೆವಿ ಸೇರಿಸಿ ಮಾಥಾಡಿ ಮಂಡಳಿಗೆ ಕಟ್ಟುತ್ತೇವೆ. ಕೂಲಿ ಅಲ್ಲಿಂದ ಹೋಗುತ್ತದೆ; ಭವಿಷ್ಯನಿಧಿ, ಗ್ರಾಚ್ಯುಟಿ, ಬೋನಸ್ ಎಲ್ಲ ಆ ಲೆವಿಯಿಂದಲೇ. ದುಡಿದದ್ದನ್ನು ಟೋಳಿಯವರು ಸಮನಾಗಿ ಹಂಚಿಕೊಳ್ಳುತ್ತಾರೆ. ಹಾಗಾಗಿ ಐವತ್ತೈದು ದಾಟಿದವನು ಲಾರಿಯ ಮೇಲೆ ನಿಂತು ಚೀಲ ಬೆನ್ನಿಗೆ ಕೊಡುತ್ತಾನೆ, ಹರೆಯದವನು ಒಳಗೆ ಒಟ್ಟುತ್ತಾನೆ. ಚೀಲ ಹರಿದು ತೊಗರಿ ಚೆಲ್ಲಿದರೆ ಎಲ್ಲರೂ ಬಾಗುತ್ತಾರೆ. ಚಹಾಕ್ಕೂ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ನಮ್ಮವರ ಕಣ್ಣಿಗೆ ಬೀಳುವುದು ಆ ಕೂತದ್ದು ಮಾತ್ರ.

ಈಗ ಊರಾಚೆಯ ಗೋದಾಮುಗಳಿಗೆ ಬನ್ನಿ. ಅಲ್ಲಿ ನಮ್ಮ ಇಂಡಿ, ಆಳಂದ ಕಡೆಯ ಹುಡುಗರು ಗುತ್ತಿಗೆದಾರನ ಕೈಕೆಳಗೆ, ಒಬ್ಬೊಬ್ಬನ ಚೀಲ ಬೇರೆ ಬೇರೆ ಎಣಿಸಿಕೊಂಡು ದುಡಿಯುತ್ತಾರೆ. ಹಗುರ ಮಾಲಿನ ಗಾಡಿಗೆ ಜಗಳ, ಭಾರದ ಗಾಡಿ ಬಂದರೆ ಎಲ್ಲರಿಗೂ ಸೊಂಟನೋವು. ಅಲ್ಲಿ ಎರಡು ವರ್ಷ ದುಡಿದು, ಆಮೇಲೆ ಸೋದರಮಾವನ ಜಾಗಕ್ಕೆ ಯಾರ್ಡಿನ ಟೋಳಿ ಸೇರಿದ ಒಬ್ಬನನ್ನು ಕೇಳಿದೆ, ಏನಪ್ಪಾ ಫರಕು ಅಂತ. “ಅಲ್ಲಿ ಬಾಜೂದಾಂವ ಬಿದ್ರ ನನ್ನ ಚೀಲ ಹೆಚ್ಚ ಆಗ್ತಿದ್ವು ಅಣ್ಣಾ. ಇಲ್ಲಿ ಅಂವ ಬಿದ್ರ ನಂದ ಪಗಾರ ಕಡಿಮಿ ಆಗ್ತದ.” ಮನುಷ್ಯ ಅವನೇ, ಬೆನ್ನೂ ಅದೇ.

ಈ ವ್ಯವಸ್ಥೆ ಆಕಾಶದಿಂದ ಉದುರಿದ್ದಲ್ಲ. ಡಾ. ಬಾಬಾ ಆಢಾವ 1950ರ ದಶಕದಲ್ಲಿ ಇಲ್ಲಿ ಹಮಾಲ್ ಪಂಚಾಯತ್ ಕಟ್ಟಿದರು. ಮಹಾರಾಷ್ಟ್ರದ ಮಾಥಾಡಿ ಕಾಯ್ದೆ ಬಂದದ್ದು 1969ರಲ್ಲಿ. ಕ್ವಿಂಟಲ್ ಚೀಲ 50 ಕಿಲೋಕ್ಕೆ ಇಳಿದದ್ದು ವ್ಯಾಪಾರಿಗಳ ದಯೆಯಿಂದಲ್ಲ, ಹಮಾಲರ ಹೋರಾಟದಿಂದ. (ಪಂಚಾಯತಿನವರ ‘ಕಷ್ಟಾಚಿ ಭಾಕರ್’ನಲ್ಲಿ ಅಗ್ಗದ ಊಟ ಉಂಡು ಬಂದು ಯೂನಿಯನ್ನನ್ನು ಬಯ್ಯುವ ಮಹನೀಯರೂ ನಮ್ಮಲ್ಲಿದ್ದಾರೆ.)

ಟೋಳಿಯಲ್ಲಿ ಎಲ್ಲವೂ ಚೆನ್ನಾಗಿದೆ ಅಂತಲ್ಲ. ಜಾಗ ಮಗನಿಗೆ, ಅಳಿಯನಿಗೆ ಹೋಗುತ್ತದೆ, ಹೊರಗಿನವನಿಗೆ ಬಾಗಿಲು ತೆರೆಯುವುದು ಅಪರೂಪ. ಮಾಥಾಡಿ ಹೆಸರು ಹೇಳಿ ಮೂಟೆ ಮುಟ್ಟದೆ ವಸೂಲಿಗೆ ಇಳಿದ ಪುಂಡರೂ ಇದ್ದಾರೆ. ಆದರೆ ಅದಕ್ಕೆ ಮದ್ದು ಟೋಳಿಯನ್ನು ಒಡೆಯುವುದಲ್ಲ, ಬಾಗಿಲು ಅಗಲ ಮಾಡುವುದು. ಕರ್ನಾಟಕದಲ್ಲಂತೂ ಇಂಥ ಮಂಡಳಿಯೇ ಇಲ್ಲ. ನಮ್ಮ ಎಪಿಎಂಸಿಗಳ ಹಮಾಲರನ್ನು ‘ಕುಡುಕರು, ನಿಯತ್ತಿಲ್ಲದವರು’ ಅನ್ನುವ ಮೊದಲು ಅವರಿಗೆ ಮುಪ್ಪಿನಲ್ಲಿ ಏನು ಸಿಗುತ್ತದೆಂದು ಯಾರಾದರೂ ಕೇಳಿದ್ದಾರೆಯೇ?

ರಾಜ್ಯೋತ್ಸವಕ್ಕೆ ಚಂದಾ ಎತ್ತಲು ನಮ್ಮ ಸಂಘದವರು ಗೋದಾಮಿನ ಆ ಹುಡುಗರ ಖೋಲಿಗಳಿಗೂ ಹೋಗುತ್ತಾರೆ. ಈ ಸಲ ರಸೀದಿ ಪುಸ್ತಕದ ಜೊತೆ ಮಾಥಾಡಿ ಮಂಡಳಿಯ ನೋಂದಣಿ ಅರ್ಜಿಯನ್ನೂ ಒಯ್ಯಲಿ. ತುಂಬಿಕೊಡಲು ನಾನು ಬರುತ್ತೇನೆ, ಭಾನುವಾರ ಆದರೂ ಸರಿ.