ನ್ಯಾಯಾಲಯ ಬಿಟ್ಟರೂ ನಾವು ಬಿಡೆವೆ?

ಸಲಿಂಗಪ್ರೇಮದ ಮಾತು ಬಂದೊಡನೆ ನಮ್ಮ ಹಿರಿಯರಲ್ಲಿ ಅನೇಕರು ಹೇಳುವುದಿಷ್ಟೇ: "ಇದು ಪರದೇಶದ ಚಟ; ನಮ್ಮ ಮನೆಗಳಿಗೆ ಸಂಬಂಧಿಸಿದ್ದಲ್ಲ." ಈ ಎರಡೂ ಮಾತುಗಳನ್ನು ನಾವು ಒಪ್ಪುವುದಿಲ್ಲ.

ಪರದೇಶದಿಂದ ಬಂದದ್ದು ಅದನ್ನು ಅಪರಾಧವೆಂದು ಸಾರಿದ ಕಾನೂನು. ಮೆಕಾಲೆ ಸಾಹೇಬನ ಕರಡಿನಿಂದ ಹುಟ್ಟಿದ ದಂಡಸಂಹಿತೆ 1860ರಲ್ಲಿ ಅಂಗೀಕೃತವಾಯಿತು. ಅದರ 377ನೆಯ ಕಲಮಿನಲ್ಲಿ ಆಜೀವ ಕಾರಾವಾಸದವರೆಗೂ ಶಿಕ್ಷೆಯಿತ್ತು. ಇದೇ ಸಂಹಿತೆಯನ್ನು ಇಂಗ್ಲಿಷರು ಪೂರ್ವ ಆಫ್ರಿಕಕ್ಕೂ ಒಯ್ದರು. ಇಂಗ್ಲೆಂಡು 1967ರಲ್ಲಿ ತನ್ನ ಕಾನೂನನ್ನು ಸಡಿಲಿಸಿತು. ಆದರೆ ಕೀನ್ಯಾದ ಉಚ್ಚ ನ್ಯಾಯಾಲಯ 2019ರಲ್ಲಿ ಅಂಥ ಕಲಮುಗಳನ್ನು ಎತ್ತಿಹಿಡಿಯಿತು; ಉಗಾಂಡಾ 2023ರಲ್ಲಿ ಕೆಲವು ಪ್ರಸಂಗಗಳಿಗೆ ಮರಣದಂಡನೆಯನ್ನೂ ವಿಧಿಸಿತು. ದೊರೆ ಬಿಟ್ಟುಹೋದ ಕೋಲನ್ನು ಅಲ್ಲಿಯೂ 'ನಮ್ಮ ಸಂಸ್ಕೃತಿ' ಎಂದೇ ಕರೆಯುತ್ತಾರೆ!

ನಮ್ಮ ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು, ವಯಸ್ಕರ ಪರಸ್ಪರ ಒಪ್ಪಿಗೆಯ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತಿತು. 2023ರ ಅಕ್ಟೋಬರಿನ ತೀರ್ಪಿನಲ್ಲಿ ಮದುವೆಯ ಹಕ್ಕು ದೊರೆಯಲಿಲ್ಲ, ನಿಜ. ಆದರೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮು ಇಲ್ಲವೇ ಇಲ್ಲ.

ಇನ್ನು ಪರಂಪರೆಯ ಮಾತು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋದಾಗ ನಾವು ಜೋಗಪ್ಪನವರಿಗೆ ಕೈಮುಗಿಯುತ್ತೇವೆ. ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ನಾವೆಲ್ಲ ಹೆಮ್ಮೆಪಟ್ಟೆವು. ಜೋಗತಿಯರ ಬಾಳು ಬೇರೆ, ಸಲಿಂಗಪ್ರೇಮಿಗಳ ಬಾಳು ಬೇರೆ, ಒಪ್ಪೋಣ. ಆದರೆ ಗುಡ್ಡದ ಮೇಲೆ ನಮಗಿರುವ ದೊಡ್ಡ ಮನಸ್ಸು ಮನೆಯ ಹೊಸ್ತಿಲಲ್ಲಿ ಏಕೆ ಸಣ್ಣದಾಗಬೇಕು?

ಹೊಸ್ತಿಲೊಳಗೆ ನಡೆಯುವುದೇನು? ಮಗ ಬಾಯಿಬಿಟ್ಟು ಹೇಳಿದರೂ, "ಮದುವೆಯಾದರೆ ಎಲ್ಲ ಸರಿಹೋಗುತ್ತದೆ" ಎಂದು ಊರ ಕಡೆಗೆ ಕನ್ಯೆ ನೋಡಲು ಹೊರಡುತ್ತೇವೆ. ಧಾರವಾಡದಿಂದಲೋ ವಿಜಯಪುರದಿಂದಲೋ ಪುಣೆಗೆ ಬಂದ ಆ ಹುಡುಗಿಗೆ ಇಲ್ಲಿಯ ಭಾಷೆ ಹೊಸದು, ತವರು ದೂರ. ಗಂಡ ಹತ್ತಿರ ಬರುವುದಿಲ್ಲ. ತಪ್ಪು ತನ್ನದೇ ಎಂದು ಕೊರಗುತ್ತಾಳೆ. ಮಗಳ ಕಥೆಯಾದರೆ ಇನ್ನೂ ಘೋರ. ಅವಳನ್ನು ಯಾರೂ ಕೇಳುವುದೇ ಇಲ್ಲ. ಮನೆತನದ ಮಾನಕ್ಕಾಗಿ ಎರಡು ಜೀವಗಳನ್ನು ಬಲಿಕೊಡುವ ಇದಕ್ಕೆ ಮೋಸವೆನ್ನದೆ ಬೇರೇನೆನ್ನಬೇಕು?

ಇದು ರೋಗವೆಂದು ಔಷಧ ಹುಡುಕುವವರೂ ಇದ್ದಾರೆ. ರೋಗವಲ್ಲವೆಂದು ಭಾರತೀಯ ಮನೋವೈದ್ಯರ ಸಂಘವೇ 2018ರಲ್ಲಿ ಸಾರಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ, ಇಂಥ 'ಪರಿವರ್ತನೆ'ಯ ಚಿಕಿತ್ಸೆ ವೈದ್ಯರ ದುರ್ನಡತೆಯೆಂದು ತಿಳಿಸಿದೆ.

ಬಾಂಧವರೇ, ಪರಊರಿನಲ್ಲಿ ನಮ್ಮ ನುಡಿಗೆ, ನಮ್ಮ ಹಬ್ಬಕ್ಕೆ ಜಾಗ ಬೇಕೆಂದು ಸಂಘ ಕಟ್ಟಿದವರು ನಾವು. ಎಲ್ಲರಂತೆ ಇಲ್ಲದವರ ಸಂಕಟ ನಮಗೆ ತಿಳಿಯದ್ದೇನಲ್ಲ. ನಮ್ಮ ಮಕ್ಕಳು ನಮ್ಮಲ್ಲಿಯೇ ಪರಕೀಯರಾಗಬಾರದು. ಆದುದರಿಂದ ಸಂಘದ ಮುಂದೆ ಒಂದು ಸೂಚನೆಯನ್ನಿಡುತ್ತೇವೆ: ವಧೂವರರ ಮೇಳಾವಕ್ಕೆ ಹೆಸರು ನೋಂದಿಸುವಾಗ ತಂದೆತಾಯಿಗಳ ಸಹಿಯಷ್ಟೇ ಸಾಲದು. ಹುಡುಗ ಅಥವಾ ಹುಡುಗಿಯೊಡನೆ ಪ್ರತ್ಯೇಕವಾಗಿ ಮಾತನಾಡಿ, ಅವರ ಸ್ವಂತ ಒಪ್ಪಿಗೆ ಪಡೆಯಬೇಕು. ಒಲ್ಲೆನೆಂದವರ ಹೆಸರನ್ನು, ಕಾರಣ ಕೇಳದೆ, ಬಿಟ್ಟುಬಿಡಬೇಕು.