ಏರಿ ಇಳಿಯುವ ಸಂಖ್ಯೆ

ಹೈದರಾಬಾದಿನ ಕನ್ನಡಿಗರಾದ ನಮಗೆ ನೃಪತುಂಗನ ಹೆಸರು ಹೊಸದಲ್ಲ. ಕಾಚಿಗುಡದಲ್ಲಿ ಅವನ ಹೆಸರಿನ ಶಾಲೆಯೇ ಇದೆ. ನವೆಂಬರಿನ ಸಭೆಗಳಲ್ಲಿ 'ಕವಿರಾಜಮಾರ್ಗ'ವನ್ನು ನೆನೆಯದೆ ನಾವು ವೇದಿಕೆಯಿಂದ ಇಳಿಯುವುದಿಲ್ಲ. ವಾಡಿಯ ದಾರಿಯಲ್ಲಿ ಮಳಖೇಡ ರೋಡ್ ನಿಲ್ದಾಣ ಬಂದರೆ, ಇಲ್ಲೇ ಹತ್ತಿರದಲ್ಲಿ ರಾಷ್ಟ್ರಕೂಟರ ಮಾನ್ಯಖೇಟವಿತ್ತೆಂದು ಮಕ್ಕಳಿಗೆ ಕೈತೋರಿಸುತ್ತೇವೆ. ಆದರೆ ಅದೇ ಅರಸನ ಸ್ತುತಿಯೊಡನೆ ಆರಂಭವಾಗುವ ಇನ್ನೊಂದು ಗ್ರಂಥವನ್ನು, ಸುಮಾರು 850ರಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ವನ್ನು, ಬರಿದೇ ಹೆಸರಿಸಿ ಮುಂದೆ ಸಾಗುತ್ತೇವೆ. ಅದರೊಳಗಿನ ಒಂದು ಲೆಕ್ಕವನ್ನಾದರೂ ನಾವು ಮಾಡಿ ನೋಡಬೇಡವೇ?

ಗುಣಾಕಾರದ ಭಾಗದಲ್ಲಿ ಆಚಾರ್ಯನು 27994681ನ್ನು 441ರಿಂದ ಗುಣಿಸಲು ಹೇಳುತ್ತಾನೆ. ನೋಡಲು ಯಾವ ಸೊಗಸೂ ಇಲ್ಲದ ಅಂಕಿಗಳು. ಸಾಲುಸಾಲಾಗಿ ಗುಣಿಸಿ ಕೂಡಿಸಿದಾಗ ದೊರೆಯುವುದು 12345654321. ಒಂದರಿಂದ ಆರರವರೆಗೆ ಏರಿ, ಬಂದ ದಾರಿಯಲ್ಲೇ ಇಳಿಯುವ ಸಂಖ್ಯೆ! ಇಂಥ ಗುಣಲಬ್ಧಗಳನ್ನು ಅವನು ಕೊರಳ ಹಾರಕ್ಕೆ ಹೋಲಿಸುತ್ತಾನೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು.

ಇದರಲ್ಲಿ ಮಾಟವೇನೂ ಇಲ್ಲ. 12345654321 ಎಂಬುದು 111111ರ ವರ್ಗ. ಆರು ಒಂದುಗಳ ಸಾಲನ್ನು ಒಂದೊಂದು ಸ್ಥಾನ ಸರಿಸುತ್ತ ಆರು ಬಾರಿ ಬರೆದು ಕೂಡಿಸಿರಿ. ನಡುವಿನ ಕಂಬದಲ್ಲಿ ಆರು ಒಂದುಗಳು ನಿಲ್ಲುತ್ತವೆ, ಎರಡೂ ಬದಿಗೆ ಒಂದೊಂದೇ ಕಡಿಮೆಯಾಗುತ್ತದೆ. ಒಂಬತ್ತು ಒಂದುಗಳವರೆಗೂ ಈ ಹಾರ ನಿಲ್ಲುತ್ತದೆ. ಹತ್ತಾದೊಡನೆ ನಡುವೆ ದಶಕ ಉಳಿದು ದಾರ ಹರಿಯುತ್ತದೆ: 1234567900987654321. ಆರನ್ನೇ ಆಯ್ದದ್ದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಐದು ಒಂದುಗಳು 41 ಮತ್ತು 271 ಆಗಿ, ಏಳು ಒಂದುಗಳು 239 ಮತ್ತು 4649 ಆಗಿ ಮಾತ್ರ ಒಡೆಯುತ್ತವೆ. ಆರು ಒಂದುಗಳಾದರೋ 3, 7, 11, 13, 37 ಎಂದು ಧಾರಾಳವಾಗಿ ಬಿಚ್ಚಿಕೊಳ್ಳುತ್ತವೆ. ಮೂರು ಏಳಲಿ ಇಪ್ಪತ್ತೊಂದು. ಅದರ ವರ್ಗ 441. ಉಳಿದವುಗಳ ಗುಣಲಬ್ಧ 5291. ಅದರ ವರ್ಗವೇ 27994681. ಹಾರವನ್ನು ಬಿಚ್ಚಿ ಮಣಿಗಳನ್ನು ಎರಡು ಕುಪ್ಪೆ ಮಾಡಿ ಶಿಷ್ಯನ ಮುಂದಿಟ್ಟಂತಾಯಿತು.

ಶಿಷ್ಯನು ಒಂದು ಅಂಕಿ ತಪ್ಪಿದರೂ ಹಾರ ಕೆಡುತ್ತದೆ. ತಪ್ಪನ್ನು ತೋರಿಸಲು ಗುರುವಿನ ಬೆತ್ತ ಬೇಕಿಲ್ಲ. ಈ ಬೋಧನಾಕೌಶಲವು, 'ನಮ್ಮವರಿಗೆ ಎಲ್ಲವೂ ಮೊದಲೇ ಗೊತ್ತಿತ್ತು' ಎಂದು ಮೊಬೈಲಿನಲ್ಲಿ ಹರಿದಾಡುವ ಹೆಮ್ಮೆಗಿಂತ ಎಷ್ಟೋ ಮೇಲು. ಆ ಹೆಮ್ಮೆಯನ್ನು ಹಂಚುವವರಲ್ಲಿ ನಾವೂ ಇದ್ದೇವೆ, ಗುಣಿಸಿ ನೋಡಿದವರು ಕಡಿಮೆ.

ಸಂಸ್ಕೃತವೆಂಬ ನೆಪವೂ ಸಲ್ಲದು. ನೆರೆಯ ತೆಲುಗರು ಶತಮಾನಗಳ ಹಿಂದೆಯೇ ಪಾವುಲೂರಿ ಮಲ್ಲನನ ಮೂಲಕ ಈ ಗ್ರಂಥವನ್ನು ತಮ್ಮ ಪದ್ಯಗಳಿಗೆ ಇಳಿಸಿಕೊಂಡರು. ನಮ್ಮಲ್ಲಿ 12ನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದನು. ಮಹಾವೀರನ ಗ್ರಂಥದ ಕನ್ನಡ ಅನುವಾದವೂ 2000ದಲ್ಲಿ ಹೊಂಬುಜದಿಂದ ಹೊರಬಂದಿದೆ.

ಬರುವ ರಾಜ್ಯೋತ್ಸವದಲ್ಲಿ ವೇದಿಕೆಯ ಮೇಲೆ ಒಂದು ಕರಿಹಲಗೆ ಇಡೋಣ. ಎರಡು ಸಂಖ್ಯೆಗಳನ್ನು ಬರೆದು ಸುಣ್ಣದ ಕಡ್ಡಿಯನ್ನು ಮಕ್ಕಳ ಕೈಗೆ ಕೊಡೋಣ. ಗುಣಿಸಲು ಐದು ನಿಮಿಷ ಹಿಡಿದೀತು. ಭಾಷಣಕಾರರು ಅಷ್ಟು ಹೊತ್ತು ಕಾಯಬಹುದು.