ಪ್ರವಾಸ ನಿಲ್ಲಿಸಬೇಡಿ, ದಂಡೆ ಕಾಯಿರಿ

ಶಾಲೆಯ ಪ್ರವಾಸದ ದಿನ ಗೊತ್ತಾದೊಡನೆ ಊರಿನಲ್ಲಿ ಎರಡು ಮಾತು ಕೇಳಿಬರುತ್ತವೆ. ಅಧ್ಯಯನಕ್ಕೆಂದು ಹೊರಟವರಿಗೆ ದ್ವೀಪದಲ್ಲಿ ಅರ್ಧ ದಿನದ ವಿಶ್ರಾಂತಿ ಏತಕ್ಕೆ, ಅದು ಬರೀ ಮೋಜಲ್ಲವೇ ಎಂಬುದು ಒಂದು. ಸಮುದ್ರವೆಂದರೆ ಅಪಾಯ, ಪ್ರವಾಸವನ್ನೇ ಕೈಬಿಡುವುದು ಲೇಸು ಎಂಬುದು ಇನ್ನೊಂದು. ಇವೆರಡನ್ನೂ ನಾವು ಒಪ್ಪುವುದಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಘಟ್ಟದ ಮೇಲಿನ ತಾಲೂಕುಗಳು. ದೇವಿಮನೆ ಘಟ್ಟ ಇಳಿದು ಕುಮಟೆ, ಹೊನ್ನಾವರ, ಭಟ್ಕಳ, ಕುಂದಾಪುರಗಳನ್ನು ದಾಟಿದರೆ ಉಡುಪಿಯ ಮಲ್ಪೆ. ಅಲ್ಲಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರಿ ದ್ವೀಪ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಈ ಹೆಸರಿಟ್ಟನೆಂದು ಹೇಳುತ್ತಾರೆ. ಆದರೆ ಅಲ್ಲಿಯ ಕಲ್ಲು ಹೇಳುವ ಕಥೆ ಗಾಮನಿಗಿಂತ ಬಹಳ ಹಳೆಯದು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದಲ್ಲಿ, ಉಕ್ಕಿಬಂದ ಲಾವಾರಸವು ತಣಿಯುತ್ತ ಕುಗ್ಗಿತು. ಬೇಸಿಗೆಯಲ್ಲಿ ಕೆರೆಯ ಕೆಸರು ಬಿರಿಯುವಂತೆ ಬಿರಿದು ಐದಾರು ಮೂಲೆಯ ಕಂಬಗಳಾಗಿ ನಿಂತಿತು. ಇದನ್ನು ಕರಿಹಲಗೆಯ ಮೇಲೆ ಎಷ್ಟು ಬರೆದರೂ ಮಗುವಿಗೆ ಅರಿವಾಗದು. ಆ ಕಂಬಗಳ ಮೇಲೆ ಕುಳಿತು, ಬುತ್ತಿ ಬಿಚ್ಚಿ, ಗಾಳಿಗೆ ಮೈಯೊಡ್ಡಿ ಕೂತಾಗ ಮಗು ತಾನಾಗಿಯೇ ಕೇಳುತ್ತದೆ: ‘ಮಾಸ್ತರೇ, ಈ ಕಲ್ಲನ್ನು ಹೀಗೆ ಕಡೆದವರು ಯಾರು?’ ವಿದ್ಯೆ ಮೊದಲಾಗುವುದು ಆ ಪ್ರಶ್ನೆಯಿಂದ. ಪ್ರಶ್ನೆ ಹುಟ್ಟಲು ಬಿಡುವು ಬೇಕು.

ಬಿಡುವು ಉಳ್ಳವರು ನೀಡುವ ಭಿಕ್ಷೆಯಲ್ಲ ಎಂಬುದನ್ನು ಗಿರಣಿಯ ಬಾಂಧವರಿಗೆ ಹೇಳಬೇಕಾಗಿಲ್ಲ. 1936ರಲ್ಲಿ ಫ್ರಾನ್ಸಿನ ಕಾರ್ಮಿಕರು ಕಾರ್ಖಾನೆಗಳಲ್ಲೇ ಕುಳಿತು ಮುಷ್ಕರ ಹೂಡಿ ವರ್ಷಕ್ಕೆರಡು ವಾರದ ಸಂಬಳದ ರಜೆಯನ್ನು ಕಾಯಿದೆಯಾಗಿ ಪಡೆದರು. ಆ ಬೇಸಿಗೆಯಲ್ಲಿ ಎಷ್ಟೋ ಕುಟುಂಬಗಳು ಮೊದಲ ಸಲ ಸಮುದ್ರ ಕಂಡವು. ನಮ್ಮಲ್ಲಿ 1948ರ ಕಾರ್ಖಾನೆ ಕಾಯಿದೆಯು ವರ್ಷಕ್ಕೆ 240 ದಿನ ದುಡಿದವನಿಗೆ ಪ್ರತಿ 20 ದಿನಕ್ಕೊಂದು ಸಂಬಳದ ರಜೆ ಎಂದಿತು. ದುಡಿಯುವ ತಂದೆಗೆ ಸಲ್ಲುವ ಬಿಡುವು ಓದುವ ಮಗಳಿಗೆ ಸಲ್ಲದೇ?

ಇನ್ನು ಅಪಾಯದ ಮಾತು. ಅದನ್ನು ನಾವು ಹಗುರವಾಗಿ ಎಣಿಸುವುದಿಲ್ಲ. 2022ರ ಏಪ್ರಿಲಿನಲ್ಲಿ ಇದೇ ದ್ವೀಪದಲ್ಲಿ ಕೇರಳದ ಕಾಲೇಜೊಂದರ ಮೂವರು ವಿದ್ಯಾರ್ಥಿಗಳು ನೀರುಪಾಲಾದರು. 2024ರ ಡಿಸೆಂಬರ್ 10ರಂದು ನಮ್ಮ ಜಿಲ್ಲೆಯ ಮುರುಡೇಶ್ವರದಲ್ಲಿ, ಕೋಲಾರ ಜಿಲ್ಲೆಯ ಮುಳಬಾಗಿಲಿನಿಂದ ಬಂದ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ಬಾಲಕಿಯರನ್ನು ಸಮುದ್ರ ಸೆಳೆದುಕೊಂಡಿತು. ಕಡಲಿಲ್ಲದ ಸೀಮೆಯ ಬಡವರ ಮಕ್ಕಳವರು. ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳನ್ನೂ ಎಳೆದೊಯ್ಯುತ್ತದೆಂಬುದು ಕರಾವಳಿಯ ಮಗುವಿಗೆ ಗೊತ್ತು. ಬಯಲುಸೀಮೆಯ, ಘಟ್ಟದ ಮೇಲಿನ ಮಗುವಿಗೆ ಯಾರಾದರೂ ಹೇಳಬೇಕು.

ಹಾಗೆಂದು ಪ್ರವಾಸವನ್ನೇ ನಿಲ್ಲಿಸಿದರೆ ನಷ್ಟ ಯಾರಿಗೆ? ಸಾಹುಕಾರರ ಮಗ ತಂದೆಯ ಕಾರಿನಲ್ಲಿ ಹೋಗಿ ಸಮುದ್ರ ನೋಡಿಯಾನು. ಅಡಿಕೆ ವಖಾರಿಯ ಹಮಾಲನ ಮಗಳಿಗೆ, ಸಂತೆಯಲ್ಲಿ ಬಳೆ ಮಾರುವವಳ ಮಗನಿಗೆ ಶಾಲೆಯ ಪ್ರವಾಸವೊಂದೇ ದಾರಿ. ನಿಷೇಧ ಎಲ್ಲರಿಗೂ ಒಂದೇ ಎಂದು ತೋರಿದರೂ ಬಾಗಿಲು ಮುಚ್ಚುವುದು ಬಡವರಿಗೆ ಮಾತ್ರ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು: ಪ್ರವಾಸದ ಕಾಲವಿಡೀ ದಂಡೆಗೂ ದ್ವೀಪಕ್ಕೂ ಸಾಲುವಷ್ಟು ಜೀವರಕ್ಷಕರಿರಲಿ. ನೀರಿಗಿಳಿಯುವ ಎಲ್ಲೆಯನ್ನು ಹಗ್ಗ ಕಟ್ಟಿ ಗುರುತಿಸಲಿ. ದೋಣಿ ಹತ್ತುವ ಪ್ರತಿ ಮಗುವಿಗೂ ತೇಲುಕವಚ ಕೊಡಲಿ. ಇಬ್ಬರು ಮಾಸ್ತರರ ತಲೆಗೆ ಐವತ್ತು ಮಕ್ಕಳನ್ನು ಕಟ್ಟಿ, ಅನಾಹುತವಾದ ಮೇಲೆ ಅವರನ್ನಷ್ಟೇ ದೂರುವುದು ನ್ಯಾಯವಲ್ಲ. ಹೆಚ್ಚಿನ ಸಿಬ್ಬಂದಿ ಕೊಡಲಿ. ಸರಕಾರಿ ಶಾಲೆಯ ಮಕ್ಕಳ ಬಸ್ಸು, ದೋಣಿಯ ಖರ್ಚನ್ನು ಸರಕಾರವೇ ಹೊರಲಿ.

ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಗೆ ಗಿರಣಿಯವರೂ ಅಂಗಡಿಯವರೂ ತಪ್ಪದೆ ಹೋಗಬೇಕು. ಪ್ರವಾಸ ಬೇಕೋ ಬೇಡವೋ ಎಂದು ಅಲ್ಲಿ ಯಾರಾದರೂ ಕೇಳಿದರೆ, ದಂಡೆಯಲ್ಲಿ ಕಾವಲು ಯಾರು ಎಂದು ನಾವು ಮರುಪ್ರಶ್ನೆ ಹಾಕಬೇಕು.